ಚಿತ್ರ ಬರೆದವರು ಅಲ್ಲಿದ್ದರಾ? ಹಳೆಯ ಸಚಿತ್ರ ಪತ್ರಿಕೆಗಳನ್ನು ಓದುವ ಬಗೆ

1842ರ ಮೇ 5ರಂದು ಜರ್ಮನಿಯ ಹ್ಯಾಂಬರ್ಗ್ ಪಟ್ಟಣಕ್ಕೆ ಬೆಂಕಿ ಬಿತ್ತು. ಅದು ಆರುವಷ್ಟರಲ್ಲಿ ಮೇ 8 ಆಗಿತ್ತು. ಊರಿನ ನಡುಭಾಗದ ದೊಡ್ಡ ಪಾಲು ಬೂದಿಯಾಯಿತು. ಅದೇ ತಿಂಗಳ 14ನೇ ತಾರೀಖು, ಶನಿವಾರ, ಲಂಡನ್ನಿನಲ್ಲಿ ಒಂದು ಹೊಸ ವಾರಪತ್ರಿಕೆ ಹೊರಬಂತು. ಹೆಸರು ಇಲಸ್ಟ್ರೇಟೆಡ್ ಲಂಡನ್ ನ್ಯೂಸ್. 16 ಪುಟ, 32 ಚಿತ್ರ, ಬೆಲೆ ಆರು ಪೆನ್ಸ್. ಮೊದಲ ಪುಟದಲ್ಲೇ ಹೊತ್ತಿ ಉರಿಯುವ ಹ್ಯಾಂಬರ್ಗ್. ಆ ಸಂಚಿಕೆಯ 26,000 ಪ್ರತಿ ಖರ್ಚಾದವು.

ಆ ಚಿತ್ರ ಬರೆದವರು ಹ್ಯಾಂಬರ್ಗಿಗೆ ಹೋಗಿರಲೇ ಇಲ್ಲ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಆ ಊರಿನ ಹಳೆಯ ಚಿತ್ರವೊಂದನ್ನು ನಕಲು ಮಾಡಿ, ಅದಕ್ಕೆ ಹೊಗೆ, ಜ್ವಾಲೆ ಸೇರಿಸಿದ್ದರು. ಪತ್ರಿಕೆ ಶುರುವಾದಾಗ ಜೊತೆಯಲ್ಲಿದ್ದ ಹೆನ್ರಿ ವಿಜೆಟೆಲಿ ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಇದನ್ನು ಮುಚ್ಚಿಡದೆ ಹೇಳಿದ್ದಾರೆ.

ನನಗೆ ಈ ಹಳೆಯ ಹಾಳೆಗಳ ಮೇಲೆ ತುಂಬಾ ಪ್ರೀತಿ. ಹ್ಯಾಂಬರ್ಗಿನ ಕತೆ ಗೊತ್ತಾದ ಮೇಲೂ ಅದು ಕಮ್ಮಿಯಾಗಿಲ್ಲ. ಆದರೆ ಅಂದಿನಿಂದ ಪ್ರತಿ ಚಿತ್ರದ ಮುಂದೆ ಒಂದೇ ಪ್ರಶ್ನೆ ಇಟ್ಟುಕೊಂಡು ಕೂರುತ್ತೇನೆ: ಬರೆದವರು ಅಲ್ಲಿದ್ದರಾ? ಇದ್ದರೆ, ಅವರು ಕಂಡದ್ದು ನನ್ನ ಕಣ್ಣಿಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿದೆ? 1857ರ ದಂಗೆ, ಕ್ರಿಮಿಯಾ ಯುದ್ಧ, ಐರ್ಲೆಂಡಿನ ಬರ, ಹೀಗೆ ಏನೇ ಇರಲಿ, ಅಂಥ ಚಿತ್ರ ನಿಮ್ಮ ಫೋನಿಗೆ ಬಂದಾಗ ಅಥವಾ ಹಳೆಯ ಪುಸ್ತಕದಂಗಡಿಯಲ್ಲಿ ಕೈಗೆ ಸಿಕ್ಕಾಗ ನೀವೂ ಇದನ್ನು ಪರೀಕ್ಷೆ ಮಾಡಬಹುದು. ಒಂದು ಭೂತಗನ್ನಡಿ, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಮೊದಲು ಹಾಳೆಯನ್ನೇ ನೋಡಿ

ಕೈಯಲ್ಲಿ ಕಾಗದವೇ ಇದ್ದರೆ ಇಲ್ಲಿಂದ ಶುರು ಮಾಡಿ. ಫೋನಿನಲ್ಲಿ ನೋಡುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಾಳೆ ತಿರುಗಿಸಿ. ಹಿಂದೆ ಸುದ್ದಿ ಇಲ್ಲವೇ ಬೇರೊಂದು ಚಿತ್ರ ಅಚ್ಚಾಗಿದ್ದರೆ ಒಳ್ಳೆಯ ಲಕ್ಷಣ. ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ ಪುಟ ಸುಮಾರು 16 ಇಂಚು ಎತ್ತರ, 11 ಇಂಚು ಅಗಲ. ಈಗ ಭೂತಗನ್ನಡಿ ಹಿಡಿಯಿರಿ. ಬೂದು ಬಣ್ಣ ಕಾಣುವ ಕಡೆಯೆಲ್ಲ ಗೆರೆಗಳೇ ಇರಬೇಕು. ಸಾಲಾಗಿ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಫೋಟೋ ತೆಗೆದು ಮರುಮುದ್ರಣ ಮಾಡಿದ್ದು. ಚುಕ್ಕೆಗಳಲ್ಲಿ ಚಿತ್ರ ಮೂಡಿಸುವ ಹಾಫ್‌ಟೋನ್ ಪದ್ಧತಿ ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು 1880ರಿಂದ ಈಚೆಗೆ.

ಬಣ್ಣ ಇದ್ದರೆ ಹುಷಾರು. ಈ ಪತ್ರಿಕೆ ಬಣ್ಣದ ಚಿತ್ರ ಕೊಡಲು ಶುರು ಮಾಡಿದ್ದು 1855ರ ಕ್ರಿಸ್‌ಮಸ್ ಹೊತ್ತಿಗೆ, ಅದೂ ವಿಶೇಷ ಪುರವಣಿಗಳಲ್ಲಿ. ಮಾಮೂಲಿ ಪುಟಗಳಲ್ಲಿ ಕಾಣುವ ಬಣ್ಣ ಹೆಚ್ಚಿನ ಪಾಲು ಆಮೇಲೆ ಯಾರೋ ಕೈಯಲ್ಲಿ ಹಚ್ಚಿದ್ದು. ನಾನೂ ಒಮ್ಮೆ 'ಆಗಲೇ ಹೀಗಿತ್ತು' ಅಂದ ಅಂಗಡಿಯವರ ಮಾತು ನಂಬಿ ಜಾಸ್ತಿ ದುಡ್ಡು ಕೊಟ್ಟಿದ್ದೇನೆ. ಬಣ್ಣ ಗೆರೆಯಿಂದ ಆಚೆ ಹರಿದಿತ್ತು. ಹಾಳೆಯ ಹಿಂಬದಿಯಲ್ಲೂ ಮಂಕಾಗಿ ಕಾಣುತ್ತಿತ್ತು. ಬೆಳಕಿಗೆ ಹಿಡಿದು ನೋಡಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು.

ಮೂರು ತಾರೀಖು ಬರೆದುಕೊಳ್ಳಿ

ಇದು ಎಲ್ಲಕ್ಕಿಂತ ಸುಲಭದ ಹಂತ. ಜಾಸ್ತಿ ಫಲ ಕೊಡುವುದೂ ಇದೇ. ನೋಟ್‌ಬುಕ್ಕಿನಲ್ಲಿ ಮೂರು ಸಾಲು ಮಾಡಿ. ಘಟನೆ ಯಾವತ್ತು ನಡೆಯಿತು? ಪತ್ರಿಕೆ ಯಾವತ್ತು ಬಂತು? ಆ ಊರಿನಿಂದ ಪತ್ರಿಕೆಯ ಊರಿಗೆ ಟಪಾಲು ಬರಲು ಎಷ್ಟು ದಿನ ಬೇಕಿತ್ತು?

ಹ್ಯಾಂಬರ್ಗಿನ ಲೆಕ್ಕ ಹಾಕಿ ನೋಡಿ. ಬೆಂಕಿ ಆರಿದ್ದು 8ಕ್ಕೆ, ಪತ್ರಿಕೆ ಬಂದದ್ದು 14ಕ್ಕೆ. ನಡುವೆ ಆರು ದಿನ. ಅಷ್ಟರಲ್ಲಿ ಹಡಗು ಸುದ್ದಿ ತರಬೇಕು, ಚಿತ್ರ ಬರೆಯಬೇಕು, ಮರದಲ್ಲಿ ಕೆತ್ತಬೇಕು, ಅಚ್ಚು ಹಾಕಬೇಕು. ಕಲಾವಿದರೊಬ್ಬರು ಹೋಗಿ ಬರುವುದಕ್ಕೆ ಸಮಯ ಎಲ್ಲಿ ಉಳಿಯಿತು?

ನಮ್ಮ ಕಡೆಯ ಲೆಕ್ಕವನ್ನೂ ನೋಡೋಣ. ಮೀರತ್‌ನಲ್ಲಿ ಸಿಪಾಯಿಗಳು ಎದ್ದದ್ದು 1857ರ ಮೇ 10ರಂದು. ಆ ಸುದ್ದಿ ಲಂಡನ್ ಮುಟ್ಟಿದ್ದು ಜೂನ್ ಕೊನೆಯಲ್ಲಿ. ಭಾರತದಿಂದ ಇಂಗ್ಲೆಂಡಿಗೆ ಆಗ ತಂತಿ ಇರಲಿಲ್ಲ, ಅದು ಬಂದದ್ದು 1865ರಲ್ಲಿ. ಕಾಗದಪತ್ರ ಹಡಗಿನಲ್ಲಿ ಸುಯೆಜ್ ತನಕ ಹೋಗಿ, ಅಲ್ಲಿಂದ ನೆಲದ ಮೇಲೆ ಸಾಗಿ, ಮತ್ತೆ ಹಡಗು ಹತ್ತಬೇಕಿತ್ತು. ಹಾಗಾಗಿ 1857ರ ಜುಲೈ ಮೊದಲ ವಾರದ ಯಾವುದೇ ಲಂಡನ್ ಪತ್ರಿಕೆಯಲ್ಲಿ ದೆಹಲಿ ಕೋಟೆಯೋ ಚಾಂದನಿ ಚೌಕವೋ ಕಂಡರೆ, ದಂಗೆಗೂ ಮೊದಲು ಬರೆದಿಟ್ಟಿದ್ದ ನೋಟವನ್ನು ಹೊರತೆಗೆದಿದ್ದಾರೆ ಅಂತಲೇ ಹಿಡಿಯಿರಿ. ದಂಗೆಯ ನಡುವೆ ಕೂತು ಬರೆದ ಚಿತ್ರ ಬರಬೇಕಾದರೆ ಇನ್ನೂ ಹಲವು ವಾರ ಕಾಯಬೇಕು.

ತಂತಿ ಬಂದ ಮೇಲೆ ಇನ್ನೊಂದು ತೊಡಕು ಶುರುವಾಯಿತು. ಮಾತು ತಂತಿಯಲ್ಲಿ ಬೇಗ ಬರುತ್ತಿತ್ತು, ಚಿತ್ರ ಮಾತ್ರ ಹಡಗಿನಲ್ಲೇ ಬರಬೇಕಿತ್ತು. ಒಂದೇ ಸಂಚಿಕೆಯಲ್ಲಿ ಸುದ್ದಿ ಈ ವಾರದ್ದು, ಚಿತ್ರ ಹೋದ ತಿಂಗಳದ್ದು. ಅವೆರಡನ್ನೂ ಒಂದೇ ದಿನದ್ದು ಅಂತ ಓದಿಕೊಳ್ಳಬೇಡಿ.

ಅಡಿಬರಹವನ್ನು ಅಕ್ಷರಕ್ಷರ ಓದಿ

ಚಿತ್ರದ ಕೆಳಗಿನ ಸಾಲಿನಲ್ಲಿ ಬಹಳ ಸಲ ಮೂಲವನ್ನೇ ಹೇಳಿರುತ್ತಾರೆ. 'ನಮ್ಮ ವಿಶೇಷ ಕಲಾವಿದರ ಸ್ಕೆಚ್ಚಿನಿಂದ' ಅಂತಿದ್ದರೆ ಪತ್ರಿಕೆ ತಾನೇ ಸಂಬಳ ಕೊಟ್ಟು ಒಬ್ಬರನ್ನು ಕಳಿಸಿತ್ತು ಅಂತ ಅರ್ಥ. ಕ್ರಿಮಿಯಾ ಯುದ್ಧಕ್ಕೆ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪರವಾಗಿ ಕಾನ್‌ಸ್ಟಂಟೀನ್ ಗೀ, ಜೋಸೆಫ್ ಕ್ರೋ ಅವರಂಥವರು ಹೋಗಿದ್ದರು. 'ಒಬ್ಬ ಅಧಿಕಾರಿಯ ಸ್ಕೆಚ್ಚಿನಿಂದ' ಅಂತಿದ್ದರೆ ಸೈನ್ಯದಲ್ಲಿ ಚಿತ್ರ ಬರೆಯಲು ಬರುತ್ತಿದ್ದ ಯಾರೋ ಕಳಿಸಿದ್ದು. ಅವರು ಅಲ್ಲಿದ್ದರು ನಿಜ. ಆದರೆ ಯಾವ ಪಕ್ಷದಲ್ಲಿ ನಿಂತು ನೋಡಿದರು ಅನ್ನುವುದೂ ಆ ಸಾಲಿನಲ್ಲೇ ಇದೆ.

'ಫೋಟೋದಿಂದ' ಅನ್ನುವ ಮಾತಿನ ಹತ್ತಿರ ಸ್ವಲ್ಪ ನಿಲ್ಲಿ. ಆಗ ಫೋಟೋವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚು ಹಾಕಲು ಆಗುತ್ತಿರಲಿಲ್ಲ. ಫೋಟೋ ನೋಡಿಕೊಂಡು ಮರದ ಮೇಲೆ ಬರೆದು ಕೆತ್ತುತ್ತಿದ್ದರು. 1848ರ ಏಪ್ರಿಲ್ 10ರಂದು ಲಂಡನ್ನಿನ ಕೆನ್ನಿಂಗ್ಟನ್ ಮೈದಾನದಲ್ಲಿ ಮತದಾನದ ಹಕ್ಕಿಗಾಗಿ ಚಾರ್ಟಿಸ್ಟ್ ಕಾರ್ಮಿಕರು ಸೇರಿದ ಸಭೆಯನ್ನು ವಿಲಿಯಂ ಕಿಲ್ಬರ್ನ್ ಡಗೆರೋಟೈಪ್ ತೆಗೆದರು. ಬೆಳ್ಳಿ ಲೇಪದ ತಗಡಿನ ಮೇಲೆ ಮೂಡುವ ಫೋಟೋ ಅದು. ಅದನ್ನು ನೋಡಿ ಕೆತ್ತಿದ ಚಿತ್ರ ಐದೇ ದಿನದಲ್ಲಿ ಪತ್ರಿಕೆಗೆ ಬಂತು. ಅಂದಿನ ಕ್ಯಾಮೆರಾದ ಮುಂದೆ ಕೆಲವು ಸೆಕೆಂಡಾದರೂ ಅಲುಗಾಡದೆ ಇರಬೇಕಿತ್ತು. ಅಲುಗಿದವರು ಮಸುಕಾಗುತ್ತಿದ್ದರು, ಓಡುವವರು ಕಾಣಿಸುತ್ತಲೇ ಇರಲಿಲ್ಲ. ಹಾಗಾಗಿ 'ಫೋಟೋದಿಂದ' ಅಂತ ಬರೆದಿರುವ 1850ರ ದಶಕದ ಚಿತ್ರದಲ್ಲಿ ಕುದುರೆ ನಾಗಾಲೋಟದಲ್ಲಿದ್ದರೆ, ಆ ಕುದುರೆ ಫೋಟೋದಿಂದ ಬಂದಿಲ್ಲ. ಕಟ್ಟಡ ಫೋಟೋದ್ದು, ಕುದುರೆ ಲಂಡನ್ನಿನ ಕಲಾವಿದರದ್ದು.

ಫೋಟೋ ಅಂದ ಮಾತ್ರಕ್ಕೆ ನಂಬಿಬಿಡುವ ಹಾಗೂ ಇಲ್ಲ. ಲಕ್ನೋದ ಸಿಕಂದರ್ ಬಾಗ್‌ನಲ್ಲಿ ಕಾದಾಟ ನಡೆದದ್ದು 1857ರ ನವೆಂಬರಿನಲ್ಲಿ. ಫೆಲಿಚೆ ಬೆಯಾಟೋ ಅಲ್ಲಿ ಕ್ಯಾಮೆರಾ ಇಟ್ಟದ್ದು ಮರುವರ್ಷ, ತಿಂಗಳುಗಳ ಮೇಲೆ. ಆದರೂ ಅವರ ಫೋಟೋದಲ್ಲಿ ಅಂಗಳದ ತುಂಬ ಮನುಷ್ಯರ ಮೂಳೆ ಚೆಲ್ಲಿದೆ. ಮೂರು ತಾರೀಖಿನ ಲೆಕ್ಕ ಅಲ್ಲಿಗೂ ಹಾಕಿ.

ಅಡಿಬರಹದಲ್ಲಿ ಮೂಲ ಹೇಳಿಲ್ಲ, ಬರೀ ಊರಿನ ಹೆಸರಿದೆ ಅಂದರೆ ನನ್ನ ಅನುಮಾನ ಜಾಸ್ತಿಯಾಗುತ್ತದೆ. ಅಲ್ಲಿಗೆ ಹೋಗಿ ಬಂದಿದ್ದರೆ ಹೇಳಿಕೊಳ್ಳುತ್ತಿದ್ದರು, ಅಲ್ವಾ?

ಈಗ ಮರದ ಕೆಲಸ

ನನಗೆ ಅತ್ಯಂತ ಇಷ್ಟವಾದ ಹಂತ ಇದು. ಇದನ್ನು ಅವಸರ ಮಾಡಬೇಡಿ.

ಆ ಕಾಲದ ಪತ್ರಿಕೆಗೆ ಮರವೇ ಯಾಕೆ ಬೇಕಿತ್ತು? ತಾಮ್ರದ ತಗಡಿನಲ್ಲಿ ಕೆತ್ತಿದರೆ ಶಾಯಿ ತಗ್ಗಿನಲ್ಲಿ ಕೂರುತ್ತದೆ, ಅದಕ್ಕೆ ಬೇರೆ ಯಂತ್ರ ಬೇಕು. ಮರದಲ್ಲಿ ಬಿಳಿಯಾಗಬೇಕಾದ ಜಾಗ ಕೆತ್ತಿ ತೆಗೆದರೆ, ಉಬ್ಬಿ ಉಳಿದ ಗೆರೆ ಶಾಯಿ ಹಿಡಿಯುತ್ತದೆ. ಅಚ್ಚಿನ ಮೊಳೆಯೂ ಹಾಗೇ ತಾನೆ? ಮೊಳೆಯಷ್ಟೇ ಎತ್ತರದ ಮರದ ಬ್ಲಾಕನ್ನು ಮೊಳೆಗಳ ನಡುವೆ ಕೂರಿಸಿದರೆ ಮಾತು, ಚಿತ್ರ ಎರಡೂ ಒಂದೇ ಸಲಕ್ಕೆ ಅಚ್ಚಾಗುತ್ತವೆ. ಸಚಿತ್ರ ವಾರಪತ್ರಿಕೆ ಅನ್ನುವುದು ನಿಂತದ್ದೇ ಈ ಅನುಕೂಲದ ಮೇಲೆ.

ಬಳಸುತ್ತಿದ್ದದ್ದು ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರ. ದಿಮ್ಮಿಯನ್ನು ಅಡ್ಡಕ್ಕೆ ಕೊಯ್ದು, ಆ ಅಡ್ಡ ಮುಖದ ಮೇಲೆ ಕೆತ್ತಬೇಕು. ಎಳೆಗಳ ತುದಿ ಮೇಲೆ ಬರುವುದರಿಂದ ಉಳಿ ಯಾವ ಕಡೆಗಾದರೂ ಸಲೀಸಾಗಿ ಓಡುತ್ತದೆ, ಕೂದಲಿನಷ್ಟು ಸಣ್ಣ ಗೆರೆಯೂ ನಿಲ್ಲುತ್ತದೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ಈ ಕೆಲಸಕ್ಕೆ ಹದ ತಂದುಕೊಟ್ಟರು. ತೊಂದರೆ ಒಂದೇ: ಈ ಮರ ದಪ್ಪ ಬೆಳೆಯುವುದಿಲ್ಲ. ಪುಟದಗಲದ ಬ್ಲಾಕ್ ಒಂದೇ ತುಂಡಿನಲ್ಲಿ ಸಿಗುವುದಿಲ್ಲ. ಹಾಗಾಗಿ ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ದೊಡ್ಡದು ಮಾಡುತ್ತಿದ್ದರು. ಬೋಲ್ಟ್ ಹಾಕಿ ಬಿಗಿಯುವ, ಬೇಕಾದಾಗ ಬಿಚ್ಚುವ ಪದ್ಧತಿ ಬಂದ ಮೇಲೆ ಕೆಲಸಕ್ಕೆ ವೇಗ ಬಂತು. ಚಿತ್ರವನ್ನು ಇಡೀ ಬ್ಲಾಕಿನ ಮೇಲೆ ಬರೆಯುವುದು, ಬಿಚ್ಚುವುದು, ಒಬ್ಬೊಬ್ಬ ಕೆತ್ತನೆಗಾರರಿಗೆ ಒಂದೊಂದು ತುಂಡು ಕೊಡುವುದು, ರಾತ್ರಿಯೆಲ್ಲ ದೀಪದ ಬೆಳಕಲ್ಲಿ ಕೆತ್ತಿ ಬೆಳಗ್ಗೆ ಮತ್ತೆ ಬಿಗಿಯುವುದು. ಆಕಾಶಕ್ಕೆ ಒಬ್ಬರು, ಮುಖಕ್ಕೆ ಒಬ್ಬರು, ಗಿಡಮರಕ್ಕೆ ಇನ್ನೊಬ್ಬರು.

ಭೂತಗನ್ನಡಿ ಹಿಡಿದು ಇದನ್ನು ನೀವೇ ಹುಡುಕಿ. ದೊಡ್ಡ ಚಿತ್ರದ ಆಕಾಶದಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಇಳಿಯುವ ಕೂದಲೆಳೆಯಂಥ ಬಿಳಿ ಗೆರೆ ಕಾಣುತ್ತದಾ ನೋಡಿ. ಅದು ಎರಡು ತುಂಡು ಸೇರುವ ಜಾಗ. ನಾನು ಮೊದಲ ಸಲ ಅದನ್ನು ಕಂಡದ್ದು ಒಂದು ಹಡಗಿನ ಚಿತ್ರದಲ್ಲಿ. ಗೆರೆ ಪಟದ ನಡುವೆ ಹಾದು ನೀರಿಗೆ ಇಳಿದಿತ್ತು. ಎಡಗಡೆ ಅಲೆಗಳು ಉದ್ದುದ್ದ, ಬಲಗಡೆ ಮೊಟುಕು ಮೊಟುಕು. ಒಂದೇ ಸಮುದ್ರಕ್ಕೆ ಇಬ್ಬರ ಕೈ ಬಿದ್ದಿತ್ತು. ಹೆಸರೇ ಗೊತ್ತಿಲ್ಲದ ಆ ಇಬ್ಬರೂ ಅಕ್ಕಪಕ್ಕ ಕೂತು ಕೆತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಚಿತ್ರದ ಕೆಳಮೂಲೆಯಲ್ಲಿ ಸಹಿ ಇರಬಹುದು. ಹೆಸರಿನ ಮುಂದೆ 'ಡೆಲ್' ಅಂತಿದ್ದರೆ ಬರೆದವರು, 'ಎಸ್‌ಸಿ' ಅಂತಿದ್ದರೆ ಕೆತ್ತಿದವರು. ಎರಡೂ ಲ್ಯಾಟಿನ್ ಪದಗಳ ಮೊಟಕು ರೂಪ. ಇಲ್ಲಿ ಎಡವುವವರು ಜಾಸ್ತಿ. ಬರೆದವರು ಅಂತ ಸಹಿ ಹಾಕಿದವರು ಘಟನೆ ನೋಡಿರಲೇಬೇಕು ಅಂತಿಲ್ಲ. ದೂರದಿಂದ ಬಂದ ಗೀಚು ಸ್ಕೆಚ್ಚನ್ನು ಲಂಡನ್ನಿನಲ್ಲಿ ಕೂತು ಮರದ ಮೇಲೆ ತಿದ್ದಿ ಬರೆಯುವವರು ಬೇರೆಯೇ ಇದ್ದರು. ಜಾನ್ ಗಿಲ್ಬರ್ಟ್ ಆ ಕೆಲಸದಲ್ಲಿ, ಅದರಲ್ಲೂ ಅವರ ವೇಗಕ್ಕೆ, ಹೆಸರಾದವರು. ಅಚ್ಚಾದಾಗ ಎಡ ಬಲ ತಿರುಗುವುದರಿಂದ ಮರದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕಿತ್ತು. ಎಲ್ಲರೂ ಎಡಗೈಯಲ್ಲಿ ಕತ್ತಿ ಹಿಡಿದ ದಂಡು ಕಂಡರೆ ಆ ಉಲ್ಟಾ ಮಾಡುವುದು ತಪ್ಪಿಹೋಗಿದೆ ಅಂತ ತಿಳಿಯಿರಿ.

ಸ್ಕೆಚ್ಚು, ಕೆತ್ತನೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಸೆಯಿದ್ದರೆ ಅಮೆರಿಕದ ಅಂತರ್ಯುದ್ಧದ ಚಿತ್ರಗಳಿಗೆ ಹೋಗಿ. ಹಾರ್ಪರ್ಸ್ ವೀಕ್ಲಿಗೆ ಬರೆಯುತ್ತಿದ್ದ ಆಲ್ಫ್ರೆಡ್ ವಾಡ್ ಅವರ ಮೂಲ ಪೆನ್ಸಿಲ್ ಸ್ಕೆಚ್ಚುಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. 1864ರ ಮೇ ತಿಂಗಳಲ್ಲಿ ವರ್ಜೀನಿಯಾದ ವಿಲ್ಡರ್‌ನೆಸ್ ಕಾಡಿಗೆ ಬೆಂಕಿ ಬಿದ್ದಾಗ, ಬಂದೂಕುಗಳಿಗೆ ಕಂಬಳಿ ಕಟ್ಟಿ ಗಾಯಾಳುವನ್ನು ಹೊತ್ತು ತರುವುದನ್ನು ಅವರು ಬರೆದಿದ್ದಾರೆ. ಅವಸರದ ಗೆರೆ, ಅಲ್ಲಲ್ಲಿ ಬಿಳಿ ಬಣ್ಣದ ಒರೆಸು. ಪತ್ರಿಕೆಯಲ್ಲಿ ಬಂದದ್ದು ಜೂನ್ 4ರ ಸಂಚಿಕೆಯಲ್ಲಿ. ಎರಡನ್ನೂ ಅರ್ಧ ಗಂಟೆ ನೋಡಿದರೆ, ಎಷ್ಟೋ ಪುಸ್ತಕ ಓದಿದರೂ ಸಿಗದ ಅಂದಾಜು ಸಿಗುತ್ತದೆ.

ಪಕ್ಕದ ಬರಹವನ್ನು ಬಿಡಬೇಡಿ

ಚಿತ್ರವನ್ನು ಕತ್ತರಿಸಿ ಹಂಚುವುದರಿಂದ ಆಗುವ ದೊಡ್ಡ ನಷ್ಟ ಇದು. ಚಿತ್ರದ ಸುತ್ತ ಒಂದು ವರದಿ ಇರುತ್ತದೆ. ಅದನ್ನು ಓದಲೇಬೇಕು.

ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಜನ ಹಸಿವಿನಿಂದ ಸಾಯುತ್ತಿದ್ದಾಗ, 1847ರ ಆರಂಭದಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಕಾರ್ಕ್ ನಗರದ ಕಲಾವಿದ ಜೇಮ್ಸ್ ಮಹೋನಿ ಅವರನ್ನು ಸ್ಕಿಬರೀನ್ ಕಡೆಗೆ ಕಳಿಸಿತು. ಅವರ ಚಿತ್ರ, ಬರಹ ಫೆಬ್ರವರಿ 13 ಮತ್ತು 20ರ ಸಂಚಿಕೆಗಳಲ್ಲಿ ಬಂದವು. ಕ್ಲೊನಕಿಲ್ಟಿ ಅನ್ನುವ ಊರಲ್ಲಿ ಬೆಳಗಿನ ತಿಂಡಿಗೆ ಗಾಡಿ ನಿಂತಾಗ ಹಸಿದ ಜನ ಸುತ್ತುವರಿದರು. ಅವರಲ್ಲಿ ಒಬ್ಬ ತಾಯಿ ಸತ್ತ ಮಗುವನ್ನು ಎತ್ತಿಕೊಂಡಿದ್ದಳು. ಶವಪೆಟ್ಟಿಗೆ ಕೊಳ್ಳಲು ಕಾಸು ಕೇಳುತ್ತಿದ್ದಳು. ಚಿತ್ರದಲ್ಲಿ ಅವಳ ಕೈಯಲ್ಲಿ ಒಂದು ತಟ್ಟೆ, ತೋಳಲ್ಲಿ ಮಗು. ವರದಿ ಓದದೆ ಬರೀ ಚಿತ್ರ ನೋಡಿದರೆ ಮಗು ನಿದ್ದೆ ಮಾಡುತ್ತಿದೆ ಅಂದುಕೊಳ್ಳುವಿರಿ.

ಅದೇ ಸರಣಿಯಲ್ಲಿ ಕಹೇರಾ ಅನ್ನುವಲ್ಲಿ ಆಲೂಗಡ್ಡೆ ಸಿಗಬಹುದೇನೋ ಅಂತ ನೆಲ ಕೆದಕುತ್ತಿರುವ ಇಬ್ಬರು ಮಕ್ಕಳ ಚಿತ್ರವಿದೆ. ಬಟ್ಟೆ ಚಿಂದಿ, ಕೂದಲು ಕೆದರಿದೆ. ಆದರೆ ಹುಡುಗನ ಕಾಲು ನೋಡಿ. ಮೀನಖಂಡ ತುಂಬಿಕೊಂಡಿದೆ. ಹಸಿದ ಮಗುವಿನ ಕಾಲಿನಂತೆ ಕಾಣುವುದಿಲ್ಲ. ಹಾಗಂತ ಬರವೇ ಸುಳ್ಳು ಅನ್ನಬೇಡಿ. ಚಿತ್ರಶಾಲೆಯಲ್ಲಿ ಗಟ್ಟಿಮುಟ್ಟಾದ ಮೈ ಬರೆದು ಕಲಿತ ಕೈಗಳು ಮರದ ಮೇಲೂ ಅದನ್ನೇ ಬರೆದಿರಬಹುದು, ಓದುಗರು ಹೇಸದಿರಲಿ ಅಂತ ತಿದ್ದಿರಲೂಬಹುದು. ಬರಹ ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ಇಂಥ ವ್ಯತ್ಯಾಸ ಕಂಡಾಗ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ.

ಅಲ್ಲಿಗೇ ಹೋಗಿ ಬರೆದ ಚಿತ್ರಕ್ಕೆ ಎಷ್ಟು ಬಲ ಇತ್ತು ಅನ್ನುವುದಕ್ಕೆ ನ್ಯೂಯಾರ್ಕಿನ ಹಾಲಿನ ಕತೆ ಸಾಕು. ಫ್ರಾಂಕ್ ಲೆಸ್ಲಿ ಅವರು ಮೊದಲು ಲಂಡನ್ನಿನಲ್ಲಿ ಇದೇ ಪತ್ರಿಕೆಯ ಕೆತ್ತನೆ ವಿಭಾಗದಲ್ಲಿದ್ದವರು. ಅಮೆರಿಕಕ್ಕೆ ಹೋಗಿ 1855ರಲ್ಲಿ ತಮ್ಮದೇ ಸಚಿತ್ರ ಪತ್ರಿಕೆ ತೆಗೆದರು. 1858ರಲ್ಲಿ ಅವರ ಕಲಾವಿದರು ನ್ಯೂಯಾರ್ಕ್, ಬ್ರೂಕ್ಲಿನ್‌ನ ಕೊಟ್ಟಿಗೆಗಳಿಗೆ ಹೋದರು. ಅಲ್ಲಿ ಹಸುಗಳಿಗೆ ಸಾರಾಯಿ ಭಟ್ಟಿಯಲ್ಲಿ ಉಳಿದ ಗಸಿ ಕುಡಿಸಿ ಹಾಲು ಕರೆಯುತ್ತಿದ್ದರು. ಹಸುಗಳಿಗೆ ಹುಣ್ಣು, ನಿಲ್ಲಲು ತ್ರಾಣವಿಲ್ಲ. ಆ ಹಾಲು ಮಕ್ಕಳ ಹೊಟ್ಟೆಗೆ ಹೋಗುತ್ತಿತ್ತು. ವಾರವಾರ ಚಿತ್ರ ಬಂದವು. ಗಲಾಟೆಯಾಯಿತು. 1862ರಲ್ಲಿ ನ್ಯೂಯಾರ್ಕ್ ರಾಜ್ಯ ಇಂಥ ಹಾಲಿನ ವಿರುದ್ಧ ಕಾನೂನು ತಂದಿತು. ಹ್ಯಾಂಬರ್ಗಿನ ಚಿತ್ರದ ಪಕ್ಕ ನಾನು ಯಾವಾಗಲೂ ಈ ಕೊಟ್ಟಿಗೆಯ ಚಿತ್ರ ಇಟ್ಟುಕೊಳ್ಳುತ್ತೇನೆ.

ಎಲ್ಲಿ ಹುಡುಕಬೇಕು

ಇಂಟರ್‌ನೆಟ್ ಆರ್ಕೈವ್, ಹಾಥಿಟ್ರಸ್ಟ್ ತಾಣಗಳಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ ಎಷ್ಟೋ ಹಳೆಯ ಸಂಪುಟಗಳಿವೆ. ಒಂದೊಂದು ಸಂಪುಟಕ್ಕೆ ಅರ್ಧ ವರ್ಷದ ಸಂಚಿಕೆಗಳು. ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಳೆಯ ಕಾಗುಣಿತವನ್ನೇ ಹಾಕಿ: ಧಾರವಾಡಕ್ಕೆ ಧಾರ್ವಾರ್, ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ, ಕೊಡಗಿಗೆ ಕೂರ್ಗ್, ಬೆಂಗಳೂರಿಗೆ ಬ್ಯಾಂಗಲೋರ್. ಅಚ್ಚು ಮಾಸಿರುವ ಕಡೆ ಕಂಪ್ಯೂಟರ್ ಅಕ್ಷರ ತಪ್ಪಾಗಿ ಓದಿರುತ್ತದೆ. ಸಿಗಲಿಲ್ಲ ಅಂತ ಸುಮ್ನೆ ಬಿಡಬೇಡಿ, ತಾರೀಖು ಹಿಡಿದು ಪುಟ ತಿರುಗಿಸಿ. ಕೊಡಗಿನ ಅರಸ ಚಿಕ್ಕವೀರರಾಜೇಂದ್ರರ ಮಗಳು ಗೌರಮ್ಮನಿಗೆ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಆ ವರ್ಷದ ಸಂಪುಟದಲ್ಲಿ ಹುಡುಕಾಟ ಶುರು ಮಾಡಲು ಇದು ಒಳ್ಳೆಯ ಎಳೆ.

ಕನ್ನಡದವರಿಗೆ ಇನ್ನೊಂದು ತಾರೀಖು ಹೇಳಬೇಕು. 1843ರ ಜುಲೈ 1. ಅಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇಲಸ್ಟ್ರಿರ್ಟೆ ತ್ಸೈಟುಂಗ್ ಅನ್ನುವ ಸಚಿತ್ರ ಪತ್ರಿಕೆ ಹುಟ್ಟಿತು. ಅದೇ ದಿನ ಮಂಗಳೂರಿನಲ್ಲಿ ಜರ್ಮನಿಯವರೇ ಆದ ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಆ ಕಾಲದಲ್ಲಿ ನಮ್ಮೂರುಗಳ ದೊಡ್ಡ ಸುದ್ದಿ ಚಿತ್ರಕ್ಕಿಂತ ಹಾಡಿನಲ್ಲಿ ದೂರ ಹೋಯಿತು. 1857ರ ಹಲಗಲಿ ಬೇಡರ ದಂಗೆ ಲಾವಣಿಯಲ್ಲಿ ಉಳಿದುಕೊಂಡಿತು.

ಮೊದಲ ಅಭ್ಯಾಸಕ್ಕೆ ಸ್ವಲ್ಪ ಈಚಿನದಾದರೂ ನಮ್ಮದೇ ಒಂದು ಹಾಳೆ ತೆಗೆದುಕೊಳ್ಳಿ. ಧಾತು ಈಶ್ವರ ಸಂವತ್ಸರದ ಬರ ಅಂತ ಹಿರಿಯರು ನೆನೆಯುವ 1876–78ರ ಕ್ಷಾಮದಲ್ಲಿ, ಬೆಂಗಳೂರಿನಲ್ಲಿ ಗಂಜಿಗೆ ಕಾದಿರುವ ಜನರ ಚಿತ್ರ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನ 1877ರ ಅಕ್ಟೋಬರ್ 20ರ ಸಂಚಿಕೆಯಲ್ಲಿ ಬಂದಿದೆ. ಅದೇ ತಿಂಗಳು ದಿ ಗ್ರಾಫಿಕ್ ಪತ್ರಿಕೆಯಲ್ಲಿ ಬಳ್ಳಾರಿ ಜಿಲ್ಲೆಯ ಜನ, ದನಗಳ ಪಾಡು ಬಂತು. ಆ ಹೊತ್ತಿಗೆ ಬೆಂಗಳೂರಿಗೆ ರೈಲು ಬಂದು 13 ವರ್ಷ, ಸುಯೆಜ್ ಕಾಲುವೆ ತೆರೆದು 8 ವರ್ಷ, ತಂತಿಯೂ ಇತ್ತು. ಟಪಾಲಿಗೆ ಆಗ ವಾರಗಳೇ ಬೇಕಿದ್ದವು, ಕೆತ್ತನೆಗೂ ದಿನ ಹಿಡಿಯುತ್ತಿತ್ತು. ಹಾಗಾಗಿ ಆ ಮುಖಗಳು ಸೆಪ್ಟೆಂಬರಿನವು ಅಥವಾ ಅದಕ್ಕೂ ಹಿಂದಿನವು. ಮೂರು ತಾರೀಖಿನ ಮೊದಲ ಎರಡು ಸಾಲು ನಾನೇ ತುಂಬಿಕೊಟ್ಟ ಹಾಗಾಯಿತು. ಪುಟ ತೆರೆದು, ಚಿತ್ರ ನೋಡುವ ಮೊದಲು ಅಡಿಬರಹ ಬರೆದುಕೊಳ್ಳಿ. ಆಮೇಲೆ ಭೂತಗನ್ನಡಿ ತೆಗೆಯಿರಿ.